ಕೆಂಪು ಕುಬ್ಜದ ಏಳು ಮಕ್ಕಳು | ಭಾಗ 3

ಚಿಲಿ ದೇಶದ ಲಾ ಸಿಲ್ಲಾ ಬೆಟ್ಟದ ಮೇಲೆ ಬರೀ 60 ಸೆಂ.ಮೀ. ಕನ್ನಡಿಯ ಪುಟ್ಟ ಟೆಲಿಸ್ಕೋಪ್ ಒಂದಿದೆ. ಹೆಸರು ಟ್ರಾಪಿಸ್ಟ್. ಹೆಚ್ಚಿನವರು ಸೂರ್ಯನಂಥ ನಕ್ಷತ್ರಗಳ ಹಿಂದೆ ಬಿದ್ದಿದ್ದಾಗ, ಬೆಲ್ಜಿಯಂನ ಮಿಕಾಯೆಲ್ ಗಿಲ್ಲನ್ ತಂಡ ಇದನ್ನ ಮಂಕು ಕೆಂಪು ಕುಬ್ಜಗಳ ಕಡೆ ತಿರುಗಿಸ್ತು.

ಸುಮಾರು 40 ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರದ ಬೆಳಕು ಆಗಾಗ ಚೂರು ಕುಗ್ತಿತ್ತು. ಮುಂದೆ ಗ್ರಹಗಳು ಹಾದುಹೋಗ್ತಿದ್ವು! 2016ರಲ್ಲಿ ಮೂರು ಅಂದ್ರು. 2017ರ ಫೆಬ್ರವರಿ 22ರಂದು, ಸ್ಪಿಟ್ಜರ್ ಟೆಲಿಸ್ಕೋಪ್ ನೆರವಿನಿಂದ, ಏಳು ಅಂದ್ರು. ನಕ್ಷತ್ರದ ಹೆಸರು ಟ್ರಾಪಿಸ್ಟ್-1.

ಇದರ ದ್ರವ್ಯರಾಶಿ ಸೂರ್ಯನ ಸುಮಾರು 9% ಅಷ್ಟೇ. ಹುಟ್ಟುವಾಗ ಸುತ್ತ ಇದ್ದ ಅನಿಲ-ಧೂಳಿನ ತಟ್ಟೆಯೂ ಚಿಕ್ಕದೇ. ಗುರುವಿನಂಥ ದೈತ್ಯನನ್ನ ಕಟ್ಟೋಕೆ ಸಾಮಗ್ರಿ ಸಾಲದು, ಭೂಮಿಯಂಥ ಪುಟ್ಟ ಗ್ರಹಗಳಿಗೆ ಸಾಕು.

ಆದ್ರೆ ಏಳೂ ನಕ್ಷತ್ರಕ್ಕೆ ಇಷ್ಟು ಹತ್ತಿರ ಬಂದದ್ದು ಹೇಗೆ? ನಮ್ಮ ಬುಧನ ಕಕ್ಷೆಯೊಳಗೆ ಏಳೂ ಹಿಡಿಸ್ತವೆ! ಸುಳಿವು ಅವುಗಳ ಓಟದಲ್ಲಿದೆ. ಮೊದಲನೆಯದು 8 ಸುತ್ತು ಹಾಕುವಷ್ಟರಲ್ಲಿ ಎರಡನೆಯದು ಸುಮಾರು 5, ಮೂರನೆಯದು 3, ನಾಲ್ಕನೆಯದು 2 ಸುತ್ತು ಹಾಕುತ್ತೆ. ಇಂಥ ತಾಳ ಸುಮ್ಮನೆ ಕೂಡಲ್ಲ. ದೂರದ ತಂಪು ಜಾಗದಲ್ಲಿ ಹುಟ್ಟಿ, ತಟ್ಟೆಯ ಅನಿಲದ ಸೆಳೆತಕ್ಕೆ ಒಂದರ ಹಿಂದೊಂದು ಒಳಕ್ಕೆ ಸರಿದಿರಬೇಕು ಅಂತಾರೆ ವಿಜ್ಞಾನಿಗಳು.

ನಮ್ಮ ಗ್ಯಾಲಕ್ಸಿಯ ಸುಮಾರು ಮುಕ್ಕಾಲು ಪಾಲು ನಕ್ಷತ್ರಗಳು ಕೆಂಪು ಕುಬ್ಜಗಳೇ. ಹಾಗಾದ್ರೆ ಗ್ರಹಗಳ ಲೋಕದಲ್ಲಿ ಅಪರೂಪದ ಮನೆ ಯಾವುದು, ಅವರದ್ದಾ ನಮ್ಮದಾ?

ಮುಂದಿನ ಭಾಗ: ಅಲ್ಲಿ ಗಾಳಿ ಇದೆಯಾ?