ತಡವಾಗಿ ಬಂದ ಕನ್ನಡದ ಇ-ಪುಸ್ತಕ

ಕಾಗದ ಬಿಟ್ಟು ಇ-ರೀಡರ್‌ಗೆ ಮೊದಲು ದಾಟಬೇಕಾಗಿದ್ದವರು ವಿಜ್ಞಾನ ಕಾದಂಬರಿಯ ಓದುಗರು. ಕನ್ನಡದಲ್ಲಿ ಹಾಗಾಗಲಿಲ್ಲ. ಅಚ್ಚಿನ ಪುಸ್ತಕದ ಮೋಹವೇ ಕಾರಣವೆಂಬ ವಾದವನ್ನು ಇತಿಹಾಸ ಒಪ್ಪುವುದಿಲ್ಲ. ಅಮೆಜಾನ್‌ನ ಇ-ರೀಡರ್ ಕಿಂಡಲ್ ಅಮೆರಿಕದಲ್ಲಿ ಬಂದದ್ದು 2007ರಲ್ಲಿ, ಅದರ ಭಾರತದ ಮಳಿಗೆ ತೆರೆದದ್ದು 2012ರಲ್ಲಿ. 2016ರ ಕೊನೆಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಅಲ್ಲಿ ಜಾಗ ಸಿಕ್ಕಿತು, ಕನ್ನಡಕ್ಕೆ ಸಿಗಲಿಲ್ಲ. ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರಸಂಕೇತ ಯುನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇತ್ತು. ಆದರೆ ನಮ್ಮ ಮುದ್ರಣಲೋಕ ಬಹುಕಾಲ ಯುನಿಕೋಡ್ ಅಲ್ಲದ ಫಾಂಟುಗಳಲ್ಲೇ ಪುಟ ಕಟ್ಟಿತು. ಅಂಥ ಕಡತವನ್ನು ಇ-ಪುಸ್ತಕ ಮಾಡಬೇಕೆಂದರೆ ಮೊದಲು ಪರಿವರ್ತಿಸಬೇಕು, ಒತ್ತಕ್ಷರ ಒಡೆದ ಕಡೆಯೆಲ್ಲ ಮತ್ತೆ ಕರಡು ತಿದ್ದಬೇಕು. ಕಡಿಮೆ ಪ್ರತಿ ಮಾರಾಟವಾಗುವ ಪ್ರಕಾರಕ್ಕೆ ಆ ಖರ್ಚು ಯಾರು ಹಾಕುತ್ತಾರೆ?

ಇದರ ನಷ್ಟ ರಾಣೆಬೆನ್ನೂರಿನಂಥ ಊರಿಗೇ ಹೆಚ್ಚು. ಧಾರವಾಡದ ರಾಜಶೇಖರ ಭೂಸನೂರಮಠರು ಕನ್ನಡ ವಿಜ್ಞಾನ ಕಥೆಗೆ ಬುನಾದಿ ಹಾಕಿದವರಲ್ಲಿ ಒಬ್ಬರು. ಅಂಥವರ ಪುಸ್ತಕ ಬೇಕೆಂದರೆ ಬೆಂಗಳೂರಿನ ಓದುಗರಿಗೆ ಅಂಗಡಿಗಳ ಸಾಲೇ ಇದೆ; ಅಲ್ಲಿಂದ ಸುಮಾರು 300 ಕಿಲೋಮೀಟರ್ ದೂರದ ರಾಣೆಬೆನ್ನೂರಿಗೆ ಆ ಅನುಕೂಲವಿಲ್ಲ. ದೂರ ಅಳಿಸಬಲ್ಲ ಸಾಧನ ಯಾರಿಗೆ ತುರ್ತಾಗಿ ಬೇಕಿತ್ತೋ ಅವರಿಗೇ ತಡವಾಯಿತು. 2020ರಲ್ಲಿ ಮೈಲ್ಯಾಂಗ್ ಎಂಬ ಆ್ಯಪ್ ಕನ್ನಡ ಇ-ಪುಸ್ತಕಗಳನ್ನು ಮೊಬೈಲಿಗೆ ತಂದದ್ದು ಅದಕ್ಕಾಗಿಯೇ ದೊಡ್ಡ ಹೆಜ್ಜೆ.

ಕೊಂಡ ಇ-ಪುಸ್ತಕ ನಿಜವಾಗಿ ನಮ್ಮದಲ್ಲ ಎಂಬ ಆಕ್ಷೇಪ ತೂಕದ್ದು. 2009ರಲ್ಲಿ ಹಕ್ಕಿನ ತಕರಾರಿನಿಂದಾಗಿ ಅಮೆಜಾನ್ ಆರ್ವೆಲ್‌ನ ‘1984’ ಕಾದಂಬರಿಯನ್ನೇ ಓದುಗರ ಕಿಂಡಲ್‌ಗಳಿಂದ ಅಳಿಸಿತು. ಕಾಗದದ ಪ್ರತಿಗೆ ಆ ಭಯವಿಲ್ಲ, ಅದು ಕೈಯಿಂದ ಕೈಗೆ ದಾಟುತ್ತದೆ. ಆದರೆ ಊರಿಗೆ ಬಾರದ ಪುಸ್ತಕ ಯಾರ ಕೈಗೂ ದಾಟುವುದಿಲ್ಲ. ಪ್ರಕಾಶಕರು ಹಳೆಯ ವಿಜ್ಞಾನ ಕಾದಂಬರಿಗಳನ್ನು ಯುನಿಕೋಡ್‌ಗೆ ತರಲಿ, ಸಾರ್ವಜನಿಕ ಗ್ರಂಥಾಲಯಗಳು ಅವನ್ನು ಕೊಂಡು ಎರವಲು ಕೊಡಲಿ.