ಪುಣೆಯ ಸೇವಾಸದನ ಮತ್ತು ಶುಶ್ರೂಷೆಯ ವಿದ್ಯೆ

ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು 1901ರಲ್ಲಿ ಕಾಲವಾದರು. ಅವರ ಧರ್ಮಪತ್ನಿ ರಮಾಬಾಯಿಯವರು ವೈಧವ್ಯದ ನೋವನ್ನು ಸ್ವತಃ ಬಲ್ಲವರು. 1909ರಲ್ಲಿ ಗೋಪಾಲ ಕೃಷ್ಣ ದೇವಧರರೊಡನೆ ಅವರು ಪುಣೆಯಲ್ಲಿ ಕಟ್ಟಿದ ಸೇವಾಸದನವು ಹೊಲಿಗೆ, ಅಧ್ಯಾಪನ, ಶುಶ್ರೂಷೆಗಳನ್ನು ಕಲಿಸಿ ಸ್ತ್ರೀಯರಿಗೆ ಸ್ವಂತ ದುಡಿಮೆಯ ದಾರಿ ತೋರಿತು.

ಇವುಗಳಲ್ಲಿ ಕಠಿಣವಾದದ್ದು ಶುಶ್ರೂಷೆಯೇ. ಪರರ ಮೈಮುಟ್ಟಿ, ರಕ್ತ ಕೀವುಗಳನ್ನು ತೊಳೆಯುವ ಕೆಲಸವು ಮಡಿವಂತರ ಮನೆಯ ಹೆಣ್ಣುಮಕ್ಕಳಿಗೆ ಸಲ್ಲದೆಂದು ಅಂದಿನ ಸಮಾಜ ಬಗೆದಿತ್ತು. ಎಳೆಯ ವಿಧವೆಯನ್ನು ಅಡುಗೆಮನೆಯ ಮೂಲೆಗೆ ತಳ್ಳಿ, ಎರಡು ಹೊತ್ತಿನ ಅನ್ನಕ್ಕೂ ಪರರ ಮುಖ ನೋಡುವಂತೆ ಮಾಡಿದ್ದು ಸಹ ಅದೇ ಸಮಾಜವಲ್ಲವೆ? ಆಕ್ಷೇಪಗಳ ನಡುವೆಯೇ ಸದನದ ವಿದ್ಯಾರ್ಥಿನಿಯರು ಸಸೂನ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಪಡೆದರು. 1924ರಲ್ಲಿ ರಮಾಬಾಯಿಯವರು ತೀರಿಕೊಳ್ಳುವ ಹೊತ್ತಿಗೆ, ಹಿಂದೆ ಪರರ ಹಂಗಿನಲ್ಲಿದ್ದ ಅನೇಕರು ತಮ್ಮ ದುಡಿಮೆಯ ಅನ್ನ ಉಣ್ಣುತ್ತಿದ್ದರು.