‘ನಿಷಿದ್ಧ ಹೊಲಿಗೆ’ಯ ಕತೆ: ಪೀಕಿಂಗ್ ಗಂಟಿನ ರಚನೆಯ ಸಾಕ್ಷ್ಯ

ಚೀನಾದ ಕಸೂತಿಯಲ್ಲಿ ‘ದಾಜಿ’ ಎನಿಸಿಕೊಂಡ, ಹೊರಗೆ ‘ಪೀಕಿಂಗ್ ಗಂಟು’ ಎಂದು ಪ್ರಸಿದ್ಧವಾದ ಹೊಲಿಗೆಗೆ ಪಾಶ್ಚಾತ್ಯ ವ್ಯಾಪಾರಿಗಳೂ ಸಂಗ್ರಾಹಕರೂ ಮತ್ತೊಂದು ಹೆಸರು ಅಂಟಿಸಿದರು: ‘ನಿಷಿದ್ಧ ಹೊಲಿಗೆ’. ಈ ಗಂಟು ಹಾಕಿ ಹಾಕಿ ಹೆಣ್ಣುಮಕ್ಕಳ ಕಣ್ಣು ಹೋಗುತ್ತಿತ್ತು, ಅದಕ್ಕೇ ಅರಮನೆ ಅದನ್ನು ನಿಷೇಧಿಸಿತು ಎಂಬ ಕತೆಯೂ ಹುಟ್ಟಿಕೊಂಡಿತು. ಹೊಲಿಗೆಯ ರಚನೆ ಮತ್ತು ಬಳಕೆಯಿಂದಲೇ ಈ ಕತೆಯನ್ನು ಪರೀಕ್ಷಿಸಬಹುದು.

ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲಕ್ಕೆ ಸೂಜಿ ತಂದು, ಅದಕ್ಕೆ ದಾರವನ್ನು ಒಂದೇ ಸುತ್ತು ಹಾಕಿ, ಹೊರಬಂದ ತೂತಿನ ಪಕ್ಕದಲ್ಲಿ ಒಂದೆರಡು ಎಳೆ ಬಿಟ್ಟು ಕೆಳಗಿಳಿಸುತ್ತಾರೆ. ಅದೇ ತೂತಿಗೆ ಇಳಿಸಿದರೆ ಗಂಟು ಹಿಂಬದಿಗೆ ಜಾರಿಬಿಡುತ್ತದೆ. ದಾರ ಎಳೆಯುವಾಗ ಸುತ್ತನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದಿರಬೇಕು. ಉಂಗುರದ ಗಾತ್ರ ನಿರ್ಧಾರವಾಗುವುದು ಆ ಹಿಡಿತದಲ್ಲೇ. ಇದನ್ನು ಹೋಲುವ ‘ಫ್ರೆಂಚ್ ನಾಟ್’ ಎಂಬ ಗಂಟಿನಲ್ಲಿ ಸುತ್ತುಗಳು ಸೂಜಿಯ ಮೇಲೆಯೇ ಬಿಗಿದು ಉಂಡೆಯಾಗುತ್ತವೆ. ಪೀಕಿಂಗ್ ಗಂಟೋ, ನಡುವೆ ಪುಟ್ಟ ಕುಳಿಯುಳ್ಳ ಚಪ್ಪಟೆ ಉಂಗುರ. ಎರಡನ್ನೂ ಒಂದೇ ಹೆಸರಿನಡಿ ದಾಖಲಿಸುವುದು ಸೋಮಾರಿತನವೆಂದೇ ಹೇಳಬೇಕು. ವ್ಯತ್ಯಾಸ ಕಾಣಲು ಒಂದು ಭೂತಗನ್ನಡಿ ಸಾಕು.

ಈಗ ನಿಷೇಧದ ಮಾತು. ಚಿಂಗ್ ಆಳ್ವಿಕೆಯ (1644–1912) ಉತ್ತರಾರ್ಧದ ಹಣದ ಚೀಲ, ಬೀಸಣಿಗೆಯ ಒರೆ, ರವಿಕೆಯ ತೋಳಿನ ಪಟ್ಟಿಗಳಲ್ಲಿ ಈ ಗಂಟು ಧಾರಾಳವಾಗಿದೆ. ಅದಕ್ಕಿಂತ ಮುಖ್ಯವಾಗಿ, ಅಧಿಕಾರಿಗಳು ನಿಲುವಂಗಿಯ ಎದೆ-ಬೆನ್ನಿನ ಮೇಲೆ ಧರಿಸುತ್ತಿದ್ದ ಪದವಿಸೂಚಕ ಚೌಕಗಳಲ್ಲೂ ಅದು ಸಿಗುತ್ತದೆ. ಅರಮನೆ ನಿಷೇಧಿಸಿದ್ದನ್ನು ಅರಮನೆಯ ಅಧಿಕಾರಿಯೇ ಎದೆಯ ಮೇಲೆ ಹೊತ್ತು ತಿರುಗುತ್ತಿದ್ದನೆಂದು ನಂಬುವುದು ಕಷ್ಟ. ಕಣ್ಣಿಗೆ ಆಯಾಸವಂತೂ ನಿಜ. ಆದರೆ ರೇಷ್ಮೆಯ ಒಂದು ಎಳೆಯನ್ನು ಹಲವಾಗಿ ಸೀಳಿ, ಎರಡೂ ಬದಿ ಒಂದೇ ಥರ ಕಾಣುವಂತೆ ಹೊಲಿಯುವ ಸುಝೌ ಕಸೂತಿ ಇದಕ್ಕಿಂತ ಕಡಿಮೆ ಸೂಕ್ಷ್ಮವಲ್ಲ. ಅದಕ್ಕೆ ಇಂಥ ಹೆಸರು ಬರಲಿಲ್ಲ.

ಚೀಲ ಮತ್ತು ತೋಳಿನ ಪಟ್ಟಿಗಳೇ ಏಕೆ? ಸ್ಯಾಟಿನ್ ಹೊಲಿಗೆಯಲ್ಲಿ ದಾರ ಬಟ್ಟೆಯ ಮೇಲೆ ಉದ್ದಕ್ಕೆ ಸಡಿಲವಾಗಿ ಮಲಗಿರುತ್ತದೆ. ಉಗುರು, ಬಳೆ ತಗುಲಿದರೆ ಎದ್ದುಬರುತ್ತದೆ. ಗಂಟಿನಲ್ಲಿ ಹಾಗೆ ಸಿಕ್ಕಿಕೊಳ್ಳುವಷ್ಟು ಉದ್ದದ ದಾರವೇ ಇಲ್ಲ. ಸದಾ ಉಜ್ಜಾಡುವ ಕಡೆ ಇದನ್ನು ಆರಿಸಿಕೊಂಡದ್ದಕ್ಕೆ ಈ ತಾಳಿಕೆಯೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಬಣ್ಣದ ಅನುಕೂಲವೂ ಉಂಟು: ಕಡುನೀಲಿಯಿಂದ ಬಿಳಿಯವರೆಗೆ ಸಾಲುಸಾಲಾಗಿ ಗಂಟಿನ ಬಣ್ಣ ಬದಲಿಸುತ್ತ ಹೋದರೆ ಹೂವಿನ ದಳಕ್ಕೆ ನೆರಳು ಬರುತ್ತದೆ. ಸಾಲಿನ ಒರಟು ಅಂಚನ್ನು ಮೇಲೆ ಕೂರಿಸಿದ ಚಿನ್ನದ ದಾರ ಮುಚ್ಚುತ್ತದೆ.

ಉಜ್ಜಾಟಕ್ಕೆ ಜಗ್ಗದ ಗಂಟು ಸೋಲುವುದು ಬಣ್ಣಕ್ಕೆ. ಕಬ್ಬಿಣದ ಅಂಶವಿರುವ ಕಪ್ಪು, ಕಂದು ಬಣ್ಣಗಳು ರೇಷ್ಮೆಯನ್ನೇ ತಿನ್ನುತ್ತವೆ. ಆದ್ದರಿಂದ ಹಳೆಯ ತುಂಡುಗಳಲ್ಲಿ ನೀಲಿ ದಳ ಇಡಿಯಾಗಿದ್ದರೂ ಕಪ್ಪು ಗಂಟುಗಳು ಮೊದಲು ಪುಡಿಯಾಗಿ ಉದುರಿರುತ್ತವೆ. ಅಲ್ಲಿ ಬಯಲಾಗುವ ಸೂಜಿತೂತುಗಳ ಅಂತರವನ್ನೂ, ಕೆಲವೊಮ್ಮೆ ಕಾಣುವ ನಕಾಶೆಯ ಶಾಯಿಗೆರೆಯನ್ನೂ ಅಳೆದು ದಾಖಲಿಸಿದರೆ ಗಂಟು ಎಷ್ಟು ಒತ್ತೊತ್ತಾಗಿ, ಯಾವ ಗೆರೆ ಹಿಡಿದು ಸಾಗಿತೆಂದು ಹೇಳಲು ಬರುತ್ತದೆ.